ಕಸೂತಿ ಸೀರೆಯನ್ನು ಮಗುಚಿ ನೋಡಿ

ಪ್ರಶ್ನೆ: ಮಗಳ ಮದುವೆ ಬರುವ ಮಾಘ ಮಾಸದಲ್ಲಿ ನಿಶ್ಚಯವಾಗಿದೆ. ಕೈಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಯೇ ಬೇಕೆಂದು ಅವಳು ಹಟ ಹಿಡಿದಿದ್ದಾಳೆ. ಶುಭಕಾರ್ಯಕ್ಕೆ ಕಪ್ಪು ಬೇಡವೆಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ಶಿವಮೊಗ್ಗದ ಅಂಗಡಿಯೊಂದರಲ್ಲಿ ಕೈಕೆಲಸವೆಂದು ತೋರಿಸಿದ ಸೀರೆಗೂ ಧಾರವಾಡದ ಕಡೆಯ ಕಸೂತಿಗಾರ್ತಿಯೊಬ್ಬರು ಹಾಕಿಕೊಡುವೆನೆಂದ ಸೀರೆಗೂ ಬೆಲೆಯಲ್ಲಿ ಬಹಳ ಅಂತರವಿದೆ. ಕೈಕೆಲಸವನ್ನು ಗುರುತಿಸುವುದು ಹೇಗೆ? ನಮ್ಮ ಮಳೆಗಾಲದಲ್ಲಿ ಅಂಥ ಸೀರೆಯನ್ನು ಕಾಪಾಡುವುದು ಹೇಗೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೊದಲು ಬಣ್ಣದ ಮಾತು. ಧಾರವಾಡದ ಸೀಮೆಯಲ್ಲಿ ಕಸೂತಿ ಹಾಕಿದ ಕಪ್ಪು ರೇಷ್ಮೆಯ ಚಂದ್ರಕಾಳಿ ಮದುವಣಗಿತ್ತಿಯ ಬಳಿ ಇರಲೇಬೇಕಾದ ಸೀರೆಯಾಗಿತ್ತು. ಆದ್ದರಿಂದ ನಿಮ್ಮ ಮಗಳ ಆಸೆ ಅಶುಭವೂ ಅಲ್ಲ, ಇಂದಿನ ಹುಡುಗಿಯರ ಹೊಸ ಹುಚ್ಚೂ ಅಲ್ಲ. ಆದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಧಾರೆಯ ಹೊತ್ತಿಗೆ ಕಪ್ಪು ಉಡುವ ರೂಢಿಯಿಲ್ಲ, ಹಿರಿಯರ ಮನಸ್ಸನ್ನು ಅಂದು ನೋಯಿಸುವುದೂ ಬೇಡ. ಧಾರೆಗೆ ಮನೆಯವರು ಒಪ್ಪಿದ ಸೀರೆಯನ್ನು ಉಡಿಸಿ, ಚಂದ್ರಕಾಳಿಯನ್ನು ಆರತಕ್ಷತೆಗೆ ಇಟ್ಟುಕೊಳ್ಳಿ. ಸಂಜೆಯ ದೀಪದಲ್ಲಿ ಕಪ್ಪಿನ ಮೇಲಿನ ಬಿಳಿ, ಕೆಂಪು, ಹಳದಿ ದಾರಗಳು ಎಷ್ಟು ಎದ್ದು ಕಾಣುತ್ತವೆಂಬುದನ್ನು ಕಂಡರೆ ಹಿರಿಯರ ಅಸಮಾಧಾನವೂ ಕರಗೀತು ಎಂದು ನನಗೆ ಅನ್ನಿಸುತ್ತದೆ.

ಇನ್ನು ಕೈಕೆಲಸದ ಪರೀಕ್ಷೆ. ಅಂಗಡಿಯಲ್ಲಿ ಸೆರಗಿನ ಮುಂಭಾಗವನ್ನು ಎಷ್ಟು ಹೊತ್ತು ನೋಡಿದರೂ ಸತ್ಯ ತಿಳಿಯುವುದು ಕಷ್ಟ; ಸೀರೆಯನ್ನು ಮಗುಚಿ ನೋಡಬೇಕು. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿವೆ. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಗೆರೆಯುದ್ದಕ್ಕೂ ಸಾಗಿ, ಬಿಟ್ಟ ಜಾಗಗಳನ್ನು ತುಂಬುತ್ತಾ ಹೊರಟಲ್ಲಿಗೇ ಮರಳಿ ಬರುತ್ತದೆ. ಮೆಟ್ಟಿಲಿನಂತೆ ಏರುವ ಮುರ್ಗಿಯ ಕ್ರಮವೂ ಇದೇ. ಹಾಗಾಗಿ ಈ ಎರಡೂ ಹೊಲಿಗೆಗಳು ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ರೀತಿ ಕಾಣುತ್ತವೆ, ಹಿಂಭಾಗದಲ್ಲಿ ಗಂಟು ಸಿಗುವುದಿಲ್ಲ. ನೇಯ್ಗಿ ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ. ಅಡ್ಡಹೊಲಿಗೆಯಾದ ಮೆಂತಿಯ ಹಿಂಬದಿ ಮಾತ್ರ ಮುಂಬದಿಯಂತಿರುವುದಿಲ್ಲ. ಅದನ್ನು ಕಂಡು ಮೋಸವೆಂದು ಭಾವಿಸಬೇಡಿ. ಯಂತ್ರದ ಕಸೂತಿಯಲ್ಲಿ ಮೇಲಿನ ದಾರ ಬೇರೆ, ಕೆಳಗಿನ ಬಾಬಿನ್ ದಾರ ಬೇರೆ. ಹಿಂದೆ ತಿರುಗಿಸಿದರೆ ಹಲವು ಬಣ್ಣದ ಹೂಗಳ ಕೆಳಗೂ ಒಂದೇ ಬಣ್ಣದ, ಸಾಮಾನ್ಯವಾಗಿ ಬಿಳಿಯ ದಾರ ಕಾಣುತ್ತದೆ. ಕೆಲವೊಮ್ಮೆ ಕಾಗದದಂಥ ಗಟ್ಟಿ ಆಸರೆಬಟ್ಟೆಯೂ ಅಂಟಿಕೊಂಡಿರುತ್ತದೆ. ಯಂತ್ರದ ಸೀರೆ ಕೊಳ್ಳುವುದು ತಪ್ಪಲ್ಲ, ಅದಕ್ಕೆ ಕೈಕೆಲಸದ ಬೆಲೆ ತೆರುವುದು ತಪ್ಪು.

ಬೆಲೆಯ ಅಂತರಕ್ಕೆ ಕಾರಣವೂ ಇಲ್ಲಿಯೇ ಇದೆ. ಸಾಂಪ್ರದಾಯಿಕ ಕಸೂತಿಯಲ್ಲಿ ಚಿತ್ರವನ್ನು ಬಟ್ಟೆಯ ಮೇಲೆ ಬರೆದುಕೊಳ್ಳುವುದಿಲ್ಲ. ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲವನ್ನೂ ಬಟ್ಟೆಯ ಎಳೆಗಳನ್ನು ಎಣಿಸಿಯೇ ಮೂಡಿಸಬೇಕು. ಎಣಿಕೆ ಒಂದೆಡೆ ತಪ್ಪಿದರೆ ಗೋಪುರದ ಎರಡು ಬದಿಗಳು ಕೂಡುವುದಿಲ್ಲ, ಬಿಚ್ಚಿ ಮತ್ತೆ ಹಾಕಬೇಕಾಗುತ್ತದೆ. ಹೀಗೆ ತಿಂಗಳುಗಟ್ಟಲೆ ಕಣ್ಣು ಸವೆಸುವ ಹೆಂಗಸಿನ ಬಳಿ ದಯವಿಟ್ಟು ಚೌಕಾಸಿ ಮಾಡಬೇಡಿ. ಖರ್ಚು ಹೆಚ್ಚೆನಿಸಿದರೆ ಒಡಲನ್ನು ಬಿಟ್ಟು ಸೆರಗಿಗೆ ಮಾತ್ರ ಹಾಕಿಸಿ.

ಮಳೆಗಾಲದ ವಿಷಯದಲ್ಲಿ ನಿಮ್ಮ ಚಿಂತೆ ಸಕಾರಣವಾದದ್ದು. ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲೇ ಸೀರೆಯನ್ನಿಟ್ಟರೆ ಒಳಗೆ ಸೇರಿದ ತೇವ ಹೊರಹೋಗದೆ ಬೂಷ್ಟು ಹಿಡಿಯುತ್ತದೆ. ಒಗೆದು ಮೆತ್ತಗಾದ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿಡಿ. ಉಟ್ಟ ಸೀರೆಯನ್ನು ನೆರಳಿನಲ್ಲಿ ಒಂದು ದಿನ ಗಾಳಿಗೆ ಹರಡದೆ ಮಡಿಸಬೇಡಿ. ಗಂಜಿ ಹಾಕಬೇಡಿ, ಅದು ಹುಳುಗಳಿಗೆ ಆಹಾರವಾಗುತ್ತದೆ. ಮಳೆ ಬಿಟ್ಟ ದಿನಗಳಲ್ಲಿ ಹೊರತೆಗೆದು ಮಡಿಕೆಯ ಗೆರೆಯನ್ನು ಬದಲಿಸಿ, ಇಲ್ಲವಾದರೆ ರೇಷ್ಮೆ ಅದೇ ಗೆರೆಯಲ್ಲಿ ಸೀಳುತ್ತದೆ. ಇಸ್ತ್ರಿಯನ್ನು ಹಿಂಬದಿಯಿಂದ, ನಡುವೆ ತೆಳು ಬಟ್ಟೆ ಹಾಸಿ ಮಾಡಿ. ನನ್ನ ಒಂದು ಸೀರೆಯ ಕೆಂಪು ದಾರ ಮೊದಲ ಒಗೆತದಲ್ಲೇ ಬಣ್ಣ ಬಿಟ್ಟು ಬಿಳಿಯ ಹೂಗಳನ್ನೆಲ್ಲ ಕೆಡಿಸಿತು. ಆ ನೋವು ಇಂದಿಗೂ ಹೋಗಿಲ್ಲ. ಅದಕ್ಕೇ ಹೇಳುತ್ತೇನೆ, ಕೆಲಸ ಆರಂಭವಾಗುವ ಮೊದಲೇ ಕಸೂತಿಗಾರ್ತಿಯಿಂದ ಪ್ರತಿಯೊಂದು ಬಣ್ಣದ ದಾರದ ತುಂಡನ್ನು ತರಿಸಿಕೊಂಡು, ಒದ್ದೆ ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಿ. ಬಣ್ಣ ಅಂಟಿದ ದಾರವನ್ನು ಬದಲಿಸಲು ಆಗ ಇನ್ನೂ ಅವಕಾಶವಿರುತ್ತದೆ. ಮುಂಗಡ ಕೊಡುವಾಗಲೇ ದೀಪಾವಳಿಯೊಳಗೆ ಸೀರೆ ಕೈಸೇರಬೇಕೆಂದು ಮಾತಾಡಿಕೊಳ್ಳಿ. ಫಾಲ್ಸ್ ಹಾಕಿಸಿ ಕುಪ್ಪಸ ಹೊಲಿಸಲು ಮಾಘದವರೆಗೆ ಸಾಕಷ್ಟು ಸಮಯ ಸಿಗುತ್ತದೆ.