ಕಾಸರಗೋಡಿನಲ್ಲಿ ಮನೆ, ಮಂಗಳೂರಿನಲ್ಲಿ ಕೆಲಸ: ದಿನಾ ರೈಲಲ್ಲಿ ಆಗುತ್ತದಾ?

ಆಗುತ್ತದೆ. ನಮ್ಮ ಕಡೆಯ ಅರ್ಧ ಊರು ಹಾಗೆಯೇ ಬದುಕುತ್ತಿದೆ.

ನೀವು ಬೆಂಗಳೂರಿನವರು. ಬೇರೆ ರಾಜ್ಯದಲ್ಲಿ ಮನೆ ಮಾಡಿ ದಿನಾ ಗಡಿ ದಾಟುವುದು ಕಷ್ಟ ಅಲ್ವಾ ಅಂತ ಕೇಳಿದ್ದೀರಿ. ರೈಲಿನಲ್ಲಿ ಗಡಿಯನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಮಂಜೇಶ್ವರ ಬಿಟ್ಟು ಉಳ್ಳಾಲ ಬರುವುದರೊಳಗೆ ಎಲ್ಲೋ ಕೇರಳ ಮುಗಿದಿರುತ್ತದೆ, ತೆಂಗಿನ ತೋಟ ಮಾತ್ರ ಮುಗಿದಿರುವುದಿಲ್ಲ. ರಸ್ತೆಯಲ್ಲಿ ಹೋದರೆ ತಲಪಾಡಿಯಲ್ಲಿ ಚೆಕ್‌ಪೋಸ್ಟು, ಟೋಲು ಎಲ್ಲ ಕಾಣುತ್ತದೆ. ಹಿಂದೆ ರೋಮಿಂಗ್ ಚಾರ್ಜ್ ಇದ್ದ ಕಾಲದಲ್ಲಿ ಎರಡು ಸಿಮ್ ಇಟ್ಟುಕೊಂಡು ಓಡಾಡುತ್ತಿದ್ದೆವು. ಈಗ ಅದೂ ಬೇಡ.

ನಮಗೆ ಮಂಗಳೂರು ಹೊಸ ಊರೂ ಅಲ್ಲ, ಪರ ಊರೂ ಅಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದಕ್ಕೆ ಮೊದಲು ನಮ್ಮದೂ ಮಂಗಳೂರಿನದ್ದೂ ಒಂದೇ ಜಿಲ್ಲೆ. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ (ಆಗಿನ ಮೈಸೂರು ರಾಜ್ಯಕ್ಕೆ) ಸೇರಬೇಕು ಅಂತ 1967ರಲ್ಲಿ ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗ ಹೇಳಿತು, ಆ ವರದಿ ಹಾಗೇ ಉಳಿಯಿತು. ಆದರೆ ಹಳಿ ಇದೆಲ್ಲಕ್ಕಿಂತ ಹಳೆಯದು. 1907ರಲ್ಲೇ ರೈಲು ಮಂಗಳೂರು ಮುಟ್ಟಿತ್ತು. ಆಸ್ಪತ್ರೆ, ಕಾಲೇಜು, ಮದುವೆ ಸೀರೆ, ಬಂಗಾರ, ಎಲ್ಲಕ್ಕೂ ಆಗಿನಿಂದ ಅತ್ತ ಕಡೆಗೇ ಹೋಗಿ ರೂಢಿ. ಕಾಸರಗೋಡಿನಿಂದ ಮಂಗಳೂರಿಗೆ 50 ಕಿ.ಮೀ. ಕೂಡ ಇಲ್ಲ. ನಮ್ಮ ರಾಜಧಾನಿ ತಿರುವನಂತಪುರಕ್ಕೆ 550 ಕಿ.ಮೀ.ಗೂ ಮೇಲೆ. ನೀವೇ ಹೇಳಿ, ಜ್ವರ ಬಂದರೆ ಯಾವ ಕಡೆ ಓಡುತ್ತೀರಿ?

ಹಾಗಾದರೆ ಕಷ್ಟ ಎಲ್ಲಿ? ನಾವು ಇರುವುದು ಉದ್ದದ ಗಾಡಿಗಳ ಬಾಲದಲ್ಲಿ. ನಮ್ಮ ತಕರಾರೆಲ್ಲ ಅಲ್ಲಿಂದಲೇ ಶುರುವಾಗುತ್ತದೆ. ಬೆಳಿಗ್ಗೆ ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್‌ಗಳು ನಮ್ಮನ್ನು ಕರೆದುಕೊಂಡು ಹೋಗಲು ಹೊರಟವಲ್ಲ. ಮಾವೇಲಿ, ಮಲಬಾರ್ ಎರಡೂ ಹಿಂದಿನ ದಿನ ಸಂಜೆ ತಿರುವನಂತಪುರದಿಂದ ಹೊರಟು ರಾತ್ರಿಯಿಡೀ ಓಡಿ ಬರುತ್ತವೆ. ದೂರದ ಕೊಲ್ಲಂ ಹತ್ತಿರ ಸಿಗ್ನಲ್ ಕೆಟ್ಟರೆ ಕಾಸರಗೋಡಿನ ಮಾಷ್ಟ್ರಿಗೆ ಫಸ್ಟ್ ಅವರ್ ತಪ್ಪುತ್ತದೆ. ವಂದೇ ಭಾರತ್ ಬಂದ ಮೇಲೆ ಅದಕ್ಕೆ ದಾರಿ ಬಿಡಲು ಬೇರೆ ಗಾಡಿ ನಿಲ್ಲಿಸುತ್ತಾರೆ ಅನ್ನುವ ಗೊಣಗಾಟವೂ ಸೇರಿಕೊಂಡಿದೆ. ನಮ್ಮದು ಅಂತ ಅನ್ನಿಸುವುದು ಕಣ್ಣೂರು ಕಡೆಯಿಂದ ಬರುವ ಪ್ಯಾಸೆಂಜರ್ ಗಾಡಿ ಮಾತ್ರ. ಕೊರೋನಾ ಆದ ಮೇಲೆ ಅದನ್ನೂ ಎಕ್ಸ್‌ಪ್ರೆಸ್ ಅಂತ ಕರೆದು, 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ಟಿಗೆ 30 ರೂಪಾಯಿ ತೆಗೆದುಕೊಂಡರು. ಹಳೆಯ ದರ ವಾಪಸ್ ಬಂದದ್ದು 2024ರಲ್ಲಿ.

ದೂರದಿಂದ ಬಂದ ಗಾಡಿ ಹತ್ತುವುದೆಂದರೆ ಬೇರೆಯವರ ಮಲಗುವ ಕೋಣೆಗೆ ಹೋದ ಹಾಗೆ. ಒಳಗೆ ಒಬ್ಬರು ಇನ್ನೂ ಹೊದ್ದು ಮಲಗಿರುತ್ತಾರೆ, ಪಕ್ಕದಲ್ಲಿ ಒಬ್ಬರು ಬ್ರಷ್ ಹಿಡಿದು ಹೊರಟಿರುತ್ತಾರೆ. ನಾವು ಮಿಂದು, ಪೌಡರ್ ಹಾಕಿ, ಬುತ್ತಿ ಹಿಡಿದು ಹತ್ತುತ್ತೇವೆ. ಕೆಲವು ಗಾಡಿಗಳಲ್ಲಿ ಕೊನೆಯ ಈ ತುಂಡಿಗೆ ಒಂದೆರಡು ಸ್ಲೀಪರ್ ಬೋಗಿಗಳನ್ನು ಸಾದಾ ಟಿಕೆಟಿನವರಿಗೆ ಬಿಡುತ್ತಾರೆ. ಯಾವ ಗಾಡಿ, ಯಾವ ಬೋಗಿ ಅಂತ ಸೀಸನ್ ಇರುವವರನ್ನು ಕೇಳಿ ತಿಳಿದುಕೊಳ್ಳಿ. (ಸೀಸನ್ ಅಂದರೆ ತಿಂಗಳ ಪಾಸು. ಇಲ್ಲಿ ಯಾರೂ ಪಾಸು ಅನ್ನುವುದಿಲ್ಲ.) ಸುಮ್ನೆ ಸಿಕ್ಕಿದ ಸ್ಲೀಪರ್ ಹತ್ತಿದರೆ ಟಿಟಿಇ ದಂಡ ಹಾಕುವುದು ಗ್ಯಾರಂಟಿ.

ನಿಲ್ಲಲು ಜಾಗ ಸಿಕ್ಕಿತು ಅಂತಿಟ್ಟುಕೊಳ್ಳಿ. ಆಮೇಲೆ ಸುತ್ತ ನೋಡಿ. ದೊಡ್ಡ ಎಕ್ಸ್‌ರೇ ಕವರ್ ಹಿಡಿದವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅದನ್ನು ಮಡಚುವ ಹಾಗಿಲ್ಲ. ಮೇಲೆ ಇಟ್ಟರೆ ಯಾರಾದರೂ ಅದರ ಮೇಲೆ ಬ್ಯಾಗ್ ಹಾಕುತ್ತಾರೆ. ಹಾಗಾಗಿ ಹೆಂಗಸು ಅದನ್ನು ಎದೆಗೆ ಅಪ್ಪಿಕೊಂಡು ನಿಂತಿರುತ್ತಾರೆ, ಹಿಂದೆ ಗಂಡ ಫ್ಲಾಸ್ಕ್ ಹಿಡಿದುಕೊಂಡು. ನರ್ಸಿಂಗ್ ಓದುವ ಹುಡುಗಿ ಕವರಿನ ಮೇಲಿನ ಹೆಸರು ನೋಡುತ್ತಾಳೆ. 'ಅಕ್ಕ, ಈ ಆಸ್ಪತ್ರೆಗಾದರೆ ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದು ನಡೆದೇ ಹೋಗಬಹುದು, ಆಟೋ ಬೇಡ' ಅನ್ನುತ್ತಾಳೆ. ಅಷ್ಟರಲ್ಲಿ ಸೀಟಿನಲ್ಲಿದ್ದ ಇಚ್ಚ (ಇಲ್ಲಿ ಮುಸ್ಲಿಂ ಅಣ್ಣಂದಿರನ್ನು ಕರೆಯುವುದು ಹಾಗೆ) ಒಬ್ಬರು 'ಚೂರು ಆಚೆ ಹೋಗಿ ಮಾರಾಯ್ರೆ' ಅಂತ ನಾಲ್ಕು ಜನರ ಸೀಟಿನಲ್ಲಿ ಆರನೆಯವರಿಗೆ ಜಾಗ ಮಾಡುತ್ತಾರೆ. ಫೋನಿನಲ್ಲಿ ಅವರದು ಮಲಯಾಳ, ಪಕ್ಕದವರ ಜೊತೆ ತುಳು, ಆ ಅಕ್ಕನ ಜೊತೆ ಕನ್ನಡ. ನಿಮಗೆ ಮಲಯಾಳ ಬರುವುದಿಲ್ಲ ಅಂತ ಹೆದರಬೇಡಿ, ನಿಮ್ಮ ಮುಖ ನೋಡಿಯೇ ಭಾಷೆ ಬದಲಾಗುತ್ತದೆ.

ಇನ್ನು ನಿಜವಾಗಿ ಕೈಕೊಡುವ ವಿಷಯಗಳು.

ಕಾಸರಗೋಡಿನಲ್ಲಿ ಹೆಚ್ಚಿನ ಗಾಡಿಗಳು ನಿಲ್ಲುತ್ತವೆ. ಕುಂಬಳೆ, ಉಪ್ಪಳ, ಮಂಜೇಶ್ವರದಲ್ಲಿ ಬಹಳಷ್ಟು ಎಕ್ಸ್‌ಪ್ರೆಸ್‌ಗಳು ನಿಲ್ಲುವುದಿಲ್ಲ, ಧೂಳೆಬ್ಬಿಸಿ ಹೋಗುತ್ತವೆ. ಮಂಜೇಶ್ವರ ಮಂಗಳೂರಿಗೆ ಹತ್ತಿರ ಅಂತ ಅಲ್ಲಿ ಮನೆ ಹಿಡಿದರೆ ಬೆಳಿಗ್ಗೆ ಪ್ಯಾಸೆಂಜರ್ ತಪ್ಪಿದ ದಿನ ಬಸ್ಸೇ ಗತಿ. ಹತ್ತಿರದವನೇ ತಡವಾಗಿ ಹೋಗುವ ವಿಚಿತ್ರ ನಮ್ಮಲ್ಲಿ ಉಂಟು.

ಮಂಗಳೂರಿನಲ್ಲಿ ಎರಡು ಸ್ಟೇಷನ್. ನೇತ್ರಾವತಿ ಸೇತುವೆ ದಾಟಿದ ಮೇಲೆ ಹಳಿ ಕವಲಾಗುತ್ತದೆ. ಒಂದು ಸೆಂಟ್ರಲ್‌ಗೆ, ಇನ್ನೊಂದು ಜಂಕ್ಷನ್‌ಗೆ. ಸೆಂಟ್ರಲ್‌ನಲ್ಲಿ ಇಳಿದರೆ ಪೇಟೆಯ ನಡುವಿನ ಹಂಪನಕಟ್ಟೆ ಕಾಲ್ನಡಿಗೆಯ ದೂರ. ಕೊಂಕಣ ದಾರಿಯಲ್ಲಿ ಮುಂಬೈ ಕಡೆಗೆ ಹೋಗುವ ಗಾಡಿಗಳು ಜಂಕ್ಷನ್ ಹಿಡಿಯುತ್ತವೆ. ಅದು ಪೇಟೆಯಿಂದ ದೂರ. ಖಾಲಿ ಗಾಡಿ ಬಂತು ಅಂತ ಖುಷಿಯಲ್ಲಿ ಹತ್ತುವ ಹೊಸಬರು ಅಲ್ಲಿ ಇಳಿದು ಆಟೋದವರ ಹತ್ತಿರ ಚೌಕಾಶಿ ಮಾಡುತ್ತಿರುತ್ತಾರೆ. ಸೆಂಟ್ರಲ್‌ನಲ್ಲಿ ಪ್ಲಾಟ್‌ಫಾರ್ಮ್ ಖಾಲಿ ಇಲ್ಲದಿದ್ದರೆ ಸೇತುವೆ ದಾಟಿದ ಮೇಲೆ ಗಾಡಿ ನಿಂತುಬಿಡುವುದು ಹಳೆಯ ಕಥೆ. ಊರು ಕಣ್ಣೆದುರೇ ಇರುತ್ತದೆ, ಇಳಿಯಲು ಆಗುವುದಿಲ್ಲ. ಹಳಿ ಎರಡಾದ ಮೇಲೆ ಈ ಕಾಟ ಕಡಿಮೆಯಾಗಿದೆ.

ಸಂಜೆಯೇ ದೊಡ್ಡ ತಲೆನೋವು. ಆರು ಗಂಟೆ ದಾಟಿ ಮಲಬಾರ್ ಹೊರಟಿತು ಅಂದರೆ ಆಮೇಲೆ ಸೆಂಟ್ರಲ್‌ನಿಂದ ನಮ್ಮ ಕಡೆಗೆ ಗಾಡಿ ಬಹಳ ಕಡಿಮೆ. ಆಫೀಸಿನವರು ಹೇಗೋ ಓಡಿ ಹಿಡಿಯುತ್ತಾರೆ. ಜವಳಿ ಅಂಗಡಿಯಲ್ಲಿ ಎಂಟು ಗಂಟೆಯವರೆಗೆ ನಿಲ್ಲುವ ಹುಡುಗಿಯರು ಬೆಳಿಗ್ಗೆ ರೈಲು, ರಾತ್ರಿ ಬಸ್ಸು. ಸೀಸನ್ ಇದ್ದೂ ದಿನಾ ಬಸ್ಸಿಗೆ ದುಡ್ಡು ಕೊಡಬೇಕು. ನಿಮ್ಮ ಕೆಲಸ ಎಷ್ಟು ಗಂಟೆಗೆ ಮುಗಿಯುತ್ತದೆ ಅಂತ ನೀವು ಬರೆದಿಲ್ಲ. ನಾನಾದರೆ ಮೊದಲು ಅದನ್ನೇ ನೋಡುತ್ತೇನೆ. ಬಾಡಿಗೆ ಲೆಕ್ಕ ಆಮೇಲೆ.

ಎರಡು ರಾಜ್ಯದ ರಜೆಗಳೂ ಕೂಡಿ ಬರುವುದಿಲ್ಲ. ಓಣಂಗೆ ಮಕ್ಕಳಿಗೆ ಶಾಲೆ ಇಲ್ಲ, ಅಪ್ಪನಿಗೆ ಮಂಗಳೂರಿನಲ್ಲಿ ಡ್ಯೂಟಿ. ಕೇರಳದಲ್ಲಿ ಹರತಾಳ ಅಂದರೆ ಬಸ್ಸು, ಆಟೋ, ಅಂಗಡಿ ಎಲ್ಲ ಬಂದ್, ರೈಲು ಮಾತ್ರ ಓಡುತ್ತದೆ. ಆ ದಿನ ಸ್ಟೇಷನ್ ತನಕ ಹೋಗುವುದೇ ಸಾಹಸ. ಮಂಗಳೂರಿನ ಮೇನೇಜರಿಗೆ ಹರತಾಳ ಅಂತ ಹೇಳಿದರೆ 'ಇಲ್ಲಿ ಎಂತದೂ ಇಲ್ಲವಲ್ಲ' ಅನ್ನುತ್ತಾರೆ.

ಗಡಿ ನಮಗೆ ನಿಜವಾಗಿ ಕಂಡದ್ದು 2020ರ ಮಾರ್ಚಿನಲ್ಲಿ, ಕೊರೋನಾ ಲಾಕ್‌ಡೌನ್ ಆದಾಗ. ರೈಲು ನಿಂತಿತು. ಕರ್ನಾಟಕದ ಕಡೆಯಿಂದ ರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ರೋಗಿಗಳು ತಲಪಾಡಿಯಿಂದ ವಾಪಸ್ ಬರಬೇಕಾಯಿತು, ಕೆಲವರು ತೀರಿಕೊಂಡರು. ವಿಷಯ ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟಿಗೂ ಹೋಯಿತು. ಮರುವರ್ಷ ದಿನಾ ಹೋಗಿಬರುವವರಿಗೂ ಟೆಸ್ಟ್ ರಿಪೋರ್ಟ್ ಬೇಕಿತ್ತು. ಇಲ್ಲಿ ಕನ್ನಡ ಮಾತಾಡುವವರಿಗೆ ಅದು ಜಾಸ್ತಿ ನೋವು ಕೊಟ್ಟಿತು. ಇಷ್ಟು ವರ್ಷ ನಮ್ಮ ಕಡೆ ಅಂತ ಹೇಳಿಕೊಂಡ ಕಡೆಯಿಂದಲೇ ಬಾಗಿಲು ಹಾಕಿದರಲ್ಲ ಅಂತ. ಈಗ ಅದರ ಮಾತು ಯಾರೂ ಜಾಸ್ತಿ ಎತ್ತುವುದಿಲ್ಲ. ಆದರೆ ಮನೆ ಮಾಡುವವರು ಇದನ್ನೂ ತಿಳಿದಿರಬೇಕು ಅಂತ ಬರೆದೆ.

ನನ್ನ ಸಲಹೆ ಇಷ್ಟು. ಐದೂವರೆಯೊಳಗೆ ಕೆಲಸ ಬಿಡುವ ಹಾಗಿದ್ದರೆ ಕಾಸರಗೋಡು ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ ಮನೆ ಹುಡುಕಿ. ಏಳೆಂಟು ಗಂಟೆಯಾಗುವುದಾದರೆ ಉಪ್ಪಳ ಅಥವಾ ಮಂಜೇಶ್ವರದಲ್ಲಿ ಹೈವೇ ಪಕ್ಕ ನೋಡಿ, ರಾತ್ರಿ ಬಸ್ಸಿಗೆ ಅನುಕೂಲ. ಅಡ್ವಾನ್ಸ್ ಕೊಡುವ ಮೊದಲು ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಜನರಲ್ ಬೋಗಿಯಲ್ಲಿ ಹೋಗಿ ನೋಡಿ. ಮಳೆಗೆ ಶಟರ್ ಎಲ್ಲ ಹಾಕಿ, ಒದ್ದೆ ಕೊಡೆಗಳ ನೀರು ಕಾಲಿನ ಮೇಲೆ ಇಳಿಯುತ್ತಿರುತ್ತದೆ. ಅದನ್ನು ತಡೆದುಕೊಂಡರೆ ಉಳಿದ ತಿಂಗಳು ಏನೂ ತೊಂದರೆ ಇಲ್ಲ.