ಹಾಲಿನ ಗುಂಡಿ ಒಗೆದರೆ ಮೆತ್ತಗಾಗುವುದೇಕೆ?

ಪ್ರಶ್ನೆ: ಖಾದಿ ಜುಬ್ಬಾ ಹೊಲಿದು ಮಾರುತ್ತೇನೆ. ಪ್ಲಾಸ್ಟಿಕ್ ಗುಂಡಿ ಬೇಡವೆಂದು ಬಿಸಿ ಹಾಲಿಗೆ ವಿನೆಗರ್ ಹಾಕಿ ಒಡೆಸಿ, ಸೋಸಿ, ನಾದಿ ಗುಂಡಿ ಮಾಡಿದೆ. ಒಣಗಿದಾಗ ಗಟ್ಟಿಯಾಗಿದ್ದವು, ಒಮ್ಮೆ ಒಗೆದರೆ ಮೆತ್ತಗಾಗಿ ತೂತು ಹರಿದವು. ಏನು ಮಾಡಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಕೈಕೆಲಸದಲ್ಲಿ ತಪ್ಪಿಲ್ಲ, ಒಂದು ಹಂತ ಬಾಕಿ ಇದೆ. ಆ ಹಂತವನ್ನು ಮನೆಯಲ್ಲಿ ಮಾಡಲೇಬೇಡಿ.

ಹಾಲು ಒಡೆದಾಗ ಗಟ್ಟಿಯಾಗುವುದು ಕೇಸೀನ್ ಎಂಬ ಪ್ರೋಟೀನ್. ಒಣಗಿದರೆ ಬಿರುಸಾಗುತ್ತದೆ, ನೀರು ಸಿಕ್ಕರೆ ಹೀರಿಕೊಂಡು ಉಬ್ಬುತ್ತದೆ. 1890ರ ದಶಕದ ಕೊನೆಯಲ್ಲಿ ಜರ್ಮನಿಯ ಹ್ಯಾನೋವರ್‌ನ ಮುದ್ರಕ ವಿಲ್‌ಹೆಲ್ಮ್ ಕ್ರಿಷೆ ಶಾಲೆಗಳಿಗೆಂದು ತೊಳೆಯಬಹುದಾದ ಬಿಳಿ ಹಲಗೆ ಮಾಡಹೊರಟಾಗ ಎದುರಾದದ್ದೂ ಇದೇ ತೊಂದರೆ. ರಸಾಯನಶಾಸ್ತ್ರಜ್ಞ ಅಡಾಲ್ಫ್ ಸ್ಪಿಟೆಲರ್ ಜೊತೆಗೂಡಿ ಅವರು ಕಂಡುಕೊಂಡ ಮದ್ದು ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ. ನಿಮ್ಮಲ್ಲಿ ಬಾಕಿ ಉಳಿದ ಹಂತ ಇದೇ. ಅದು ಪ್ರೋಟೀನಿನ ಎಳೆ ಎಳೆಗೂ ಕೊಂಡಿ ಹಾಕುತ್ತದೆ. ಆಮೇಲೆ ನೀರು ಅಷ್ಟು ಸುಲಭಕ್ಕೆ ಒಳಗಿಳಿಯದು.

ಹೀಗೆ ಹುಟ್ಟಿದ 'ಗ್ಯಾಲಲಿತ್'ಗೆ ಹಲಗೆಗಿಂತ ಗುಂಡಿಯೇ ದೊಡ್ಡ ಮಾರುಕಟ್ಟೆಯಾಯಿತು. ಇಂಗ್ಲೆಂಡಿನ ಸ್ಟ್ರೌಡ್‌ನಲ್ಲಿ 'ಎರಿನಾಯ್ಡ್' ಹೆಸರಿನಲ್ಲಿ ಇದೇ ಸರಕು ತಯಾರಾಯಿತು. ಕೆನೆ ತೆಗೆದ ಹಾಲನ್ನು ವಿನೆಗರ್ ಬದಲು ಚೀಸ್ ಮಾಡಲು ಬಳಸುವ ಕಿಣ್ವವಾದ ರೆನ್ನೆಟ್‌ನಿಂದ ಒಡೆಸಿ, ಬಂದ ಕೇಸೀನನ್ನು ಬಿಸಿ ಒತ್ತಡದಲ್ಲಿ ಕಡ್ಡಿ, ಹಾಳೆಗಳಾಗಿ ಎಳೆದು, ಶೇ. 5ರ ಆಸುಪಾಸಿನ ಫಾರ್ಮಾಲ್ಡಿಹೈಡ್ ದ್ರಾವಣದಲ್ಲಿ ನೆನೆಹಾಕುತ್ತಿದ್ದರು. ದಪ್ಪ ಹೆಚ್ಚಿದಷ್ಟೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಬಣ್ಣ ಚೆನ್ನಾಗಿ ಹಿಡಿಯುತ್ತಿತ್ತು, ಹೊಳಪೂ ಬರುತ್ತಿತ್ತು. ಹಳೆಯ ಗುಂಡಿ ಸಿಕ್ಕರೆ ಕಾದ ಸೂಜಿ ತಾಗಿಸಿ ನೋಡಿ: ಸೀದ ಹಾಲಿನ ವಾಸನೆ ಬಂದರೆ ಅದು ಕೇಸೀನ್.

ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ. ಅಡುಗೆಮನೆಗೆ, ಹೊಲಿಗೆ ಕೋಣೆಗೆ ಅದು ಬೇಡ. 'ಹಾಲಿನದು, ಪೂರ್ತಿ ನೈಸರ್ಗಿಕ' ಎಂದು ಮಾರುವವರು ಈ ಭಾಗವನ್ನು ಹೇಳುವುದು ಕಡಿಮೆ!

ನಿಮಗೊಂದು ಅನುಕೂಲವಿದೆ. ಜುಬ್ಬಾಕ್ಕೆ ಒಗೆಯುವ ಮುನ್ನ ಕಳಚಿಡುವ ಗುಂಡಿ ಹಾಕುವ ರೂಢಿ ನಮ್ಮಲ್ಲಿದೆಯಲ್ಲ? ಹಾಲಿನ ಗುಂಡಿಯನ್ನು ಅದಕ್ಕೇ ಮೀಸಲಿಡಿ. ಕೆನೆ ಪೂರ್ತಿ ತೆಗೆದ ಹಾಲನ್ನೇ ಬಳಸಿ, ಜಿಡ್ಡು ಉಳಿದರೆ ಗುಂಡಿ ಬಿರಿಯುತ್ತದೆ. ನೀರನ್ನು ಚೆನ್ನಾಗಿ ಹಿಂಡಿ, ತೂತನ್ನು ಹಸಿಯಿರುವಾಗಲೇ ಚುಚ್ಚಿ, ನೆರಳಲ್ಲಿ ನಿಧಾನ ಒಣಗಿಸಿ. ಕೊನೆಗೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ತೂತಿನ ಒಳಗೂ ತಾಗುವಂತೆ ಎರಡು ಮೂರು ಸಲ ಬಳಿಯಿರಿ. ಬೆವರಿನ ಪಸೆ ತಡೆಯಲು ಇಷ್ಟು ಸಾಕು, ಬಕೆಟ್‌ನಲ್ಲಿ ನೆನೆಸಲು ಸಾಲದು.

ಹಾಲೂ ಒಡೆದುಹೋದದ್ದೇ ಇರಲಿ. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಕೇಸೀನ್ ಇರುವುದು ಸುಮಾರು 25 ಗ್ರಾಂ. ಕುಡಿಯುವ ಹಾಲನ್ನು ಇದಕ್ಕೆ ಸುರಿಯುವುದನ್ನು ಪರಿಸರಸ್ನೇಹಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ದಿನಾ ಒಗೆಯುವ ಅಂಗಿಗೆ ತೆಂಗಿನ ಚಿಪ್ಪಿನ ಗುಂಡಿ ಹಾಕಿ. ಚಿಪ್ಪಿಗೆ ತಿಪಟೂರು ಕಡೆ ಬರವಿಲ್ಲ.