ಸಂಪಾದಕರ ಉತ್ತರ: ಡ್ಯುರಾಂಟ್ ಬರಲಿಲ್ಲವೆಂದು ಕೊರಗಬೇಡಿ

2025-26ರ ಋತು ಆರಂಭವಾಗುವ ಮುನ್ನ ಸಂಡೂರು ತಾಲೂಕಿನ ಯುವ ಓದುಗರೊಬ್ಬರು ಬರೆದ ಪತ್ರದ ಸಾರ ಹೀಗಿದೆ:

“ಮಾನ್ಯ ಸಂಪಾದಕರೇ, 2014ರಿಂದ ನಾನು ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ತಂಡ ಸ್ಯಾನ್ ಆಂಟೋನಿಯೊ ಸ್ಪರ್ಸ್‌ನ ಅಭಿಮಾನಿ. ರಾತ್ರಿ ಪಾಳಿ ಮುಗಿಸಿ ಬಂದು ಬೆಳಿಗ್ಗೆ ಮೊಬೈಲ್‌ನಲ್ಲಿ ಪಂದ್ಯ ನೋಡುತ್ತೇನೆ. ಆರು ವರ್ಷಗಳಿಂದ ತಂಡ ಪ್ಲೇಆಫ್ (ಋತುವಿನ ಕೊನೆಯ ಪ್ರಶಸ್ತಿ ಸುತ್ತು) ಕಂಡಿಲ್ಲ. ಈ ಸಲ ಫೀನಿಕ್ಸ್ ತಂಡದ ಹಿರಿಯ ತಾರೆ ಕೆವಿನ್ ಡ್ಯುರಾಂಟ್ ಸಿಗುವಂತಿದ್ದರು. ಕ್ಯಾಸಲ್, ಹಾರ್ಪರ್ ಅವರಂಥ ಎಳೆಯರನ್ನು ಕೊಟ್ಟು ಅವರನ್ನು ತರಬಹುದಿತ್ತು. ತರಲಿಲ್ಲ, ಅವರು ಹ್ಯೂಸ್ಟನ್‌ಗೆ ಹೋದರು. ನಮ್ಮ ತಂಡದ ತಾರೆ ವೆಂಬನ್ಯಾಮ ಇನ್ನೆಷ್ಟು ದಿನ ಕಾಯುತ್ತಾನೆ? 2025-26ರ ಋತುವೂ ವ್ಯರ್ಥವಾಗುತ್ತದೆ ಎಂಬುದು ನನ್ನ ಅನಿಸಿಕೆ. ನಿಮ್ಮ ಅಭಿಪ್ರಾಯವೇನು?”

ಪ್ರಿಯ ಮಿತ್ರರೇ,

ಬೆಳೆ ವಿಮೆ, ರಸ್ತೆಗುಂಡಿ, ಕುಡಿಯುವ ನೀರಿನ ಪತ್ರಗಳ ನಡುವೆ ನಿಮ್ಮ ಪತ್ರ ಸಿಕ್ಕಿತು. ಪಾಳಿ ಮುಗಿಸಿದ ಮೇಲೂ ನಿದ್ದೆಯನ್ನು ತಡೆದುಕೊಂಡು ಪಂದ್ಯ ನೋಡುವವರ ಮಾತಿಗೆ ನನ್ನಲ್ಲಿ ಗೌರವವಿದೆ. ಆದರೆ ನಿಮ್ಮ ತೀರ್ಮಾನವನ್ನು ಒಪ್ಪಲಾರೆ. ಏಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ನಿಮ್ಮ ಪಕ್ಷದ ಮಾತು. ಡ್ಯುರಾಂಟ್ ಸಾಮಾನ್ಯರಲ್ಲ. ನಾಲ್ಕು ಋತುಗಳಲ್ಲಿ ಅಂಕ ಗಳಿಕೆಯಲ್ಲಿ ಮೊದಲಿಗರಾದವರು, 2017 ಮತ್ತು 2018ರಲ್ಲಿ ಗೋಲ್ಡನ್ ಸ್ಟೇಟ್ ತಂಡದೊಂದಿಗೆ ಕಪ್ ಎತ್ತಿದವರು. ಹೊರಗಿನಿಂದ ತಂದ ಆಟಗಾರ ಒಂದೇ ವರ್ಷದಲ್ಲಿ ಪ್ರಶಸ್ತಿ ಗೆದ್ದುಕೊಟ್ಟದ್ದೂ ಉಂಟು. 2018ರಲ್ಲಿ ನಮ್ಮ ಸ್ಪರ್ಸ್‌ನಿಂದಲೇ ಕವಾಯ್ ಲೆನಾರ್ಡ್ ಅವರನ್ನು ಪಡೆದ ಟೊರೊಂಟೊ 2019ರಲ್ಲಿ ಚಾಂಪಿಯನ್ ಆಯಿತು. ಆ ನೋವು ನಿಮಗೂ ಇದೆ, ನನಗೂ ಇದೆ.

ಈಗ ಫೀನಿಕ್ಸ್ ತಂಡದ ಕಡೆಗೆ ನೋಡಿ. ಕಳೆದ 2024-25ರ ಋತುವಿನಲ್ಲಿ ಇದೇ ಡ್ಯುರಾಂಟ್, ಡೆವಿನ್ ಬುಕರ್, ಬ್ರ್ಯಾಡ್ಲಿ ಬೀಲ್ ಒಂದೇ ತಂಡದಲ್ಲಿದ್ದರು. ಇಡೀ ಲೀಗಿನಲ್ಲಿ ಆಟಗಾರರ ಸಂಬಳಕ್ಕೆ ಅತಿ ಹೆಚ್ಚು ಹಣ ಸುರಿದ ತಂಡ ಅದು. 82 ಪಂದ್ಯಗಳಲ್ಲಿ 36 ಗೆದ್ದು 46 ಸೋತಿತು, ಪ್ಲೇಆಫ್‌ಗೂ ಬರಲಿಲ್ಲ. ನಿಮ್ಮ ಸ್ಪರ್ಸ್ ಗೆದ್ದದ್ದು 34. ಅದೂ ವೆಂಬನ್ಯಾಮ 46 ಪಂದ್ಯಗಳನ್ನಷ್ಟೇ ಆಡಿ, ಫೆಬ್ರವರಿಯಲ್ಲಿ ಭುಜದ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಹೊರಗುಳಿದ ಮೇಲೆ. ಅಷ್ಟೆಲ್ಲ ಖರ್ಚು ಮಾಡಿದ ತಂಡ ಎಳೆಯರ ತಂಡಕ್ಕಿಂತ ಎರಡೇ ಪಂದ್ಯ ಮುಂದಿತ್ತು. 37ನೆಯ ವಯಸ್ಸಿಗೆ ಕಾಲಿಟ್ಟ ಡ್ಯುರಾಂಟ್‌ಗಾಗಿ ಈಗಷ್ಟೇ ಇಪ್ಪತ್ತು ದಾಟಿದ ಸ್ಟೆಫನ್ ಕ್ಯಾಸಲ್‌ರನ್ನು ಕೊಡಬೇಕಿತ್ತೇ? ಕ್ಯಾಸಲ್ 2025ರ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಪಡೆದವರು. ಡಿಲನ್ ಹಾರ್ಪರ್, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2025ರ ಡ್ರಾಫ್ಟ್‌ನಲ್ಲಿ ಎರಡನೆಯವರಾಗಿ ಆಯ್ಕೆಯಾದವರು, ನೀವು ಪತ್ರ ಬರೆದಾಗ ಸ್ಪರ್ಸ್ ಪರ ಋತುವಿನ ಒಂದು ಪಂದ್ಯವನ್ನೂ ಆಡಿರಲಿಲ್ಲ. ಆಡುವ ಮೊದಲೇ ಅವರನ್ನು ಮಾರಲು ನೀವು ಸಿದ್ಧರಾಗಿದ್ದೀರಿ. ಇದು ನನಗೆ ಹಿಡಿಸಲಿಲ್ಲ.

ನೀವು 2014ರಿಂದ ಅಭಿಮಾನಿ, ಅಂದರೆ ಬೆಳೆ ಕೈಗೆ ಬಂದ ಹೊತ್ತಿಗೆ ಬಂದವರು. ಬಿತ್ತನೆಯ ಕಾಲವನ್ನು ನೀವು ನೋಡಿಲ್ಲ. 1996ರ ಡಿಸೆಂಬರಿನಲ್ಲಿ ಗ್ರೆಗ್ ಪೊಪೊವಿಚ್ ತರಬೇತುದಾರರಾದಾಗ ತಂಡ ಸೋಲುತ್ತಲೇ ಇತ್ತು. ಆ ಋತು ಮುಗಿದಾಗ ಗೆಲುವು 20, ಸೋಲು 62. ಮರುವರ್ಷ ಎಳೆಯ ಆಟಗಾರ ಟಿಮ್ ಡಂಕನ್ ಬಂದರು. 1999ರಲ್ಲಿ ಮುಷ್ಕರದಂಥ ಬಿಕ್ಕಟ್ಟಿನಿಂದ ಋತು 50 ಪಂದ್ಯಗಳಿಗೆ ಇಳಿಯಿತು. ಸ್ಪರ್ಸ್ ಮೊದಲ 14ರಲ್ಲಿ ಎಂಟನ್ನು ಸೋತಿತು. ಪೊಪೊವಿಚ್ ಅವರನ್ನು ತೆಗೆಯಬೇಕೆಂಬ ಕೂಗು ಎದ್ದಿತು. ತೆಗೆಯಲಿಲ್ಲ. ಉಳಿದ 36 ಪಂದ್ಯಗಳಲ್ಲಿ ತಂಡ 31 ಗೆದ್ದಿತು, ಮೊದಲ ಕಪ್ಪೂ ಬಂದಿತು. ಆಮೇಲೆ 2003, 2005, 2007 ಮತ್ತು ನೀವು ಕಂಡ 2014. ಅನಾರೋಗ್ಯದ ನಂತರ ಪೊಪೊವಿಚ್ 2025ರ ಮೇ ತಿಂಗಳಲ್ಲಿ ಹುದ್ದೆ ಬಿಡುವವರೆಗೂ ಆ ಕುರ್ಚಿ ಅವರ ಹೆಸರಿನಲ್ಲೇ ಇತ್ತು. ಈಗ ಬಂದಿರುವ ಮಿಚ್ ಜಾನ್ಸನ್ ಕೂಡ ವರ್ಷಗಳಿಂದ ಅದೇ ಮನೆಯಲ್ಲಿ ಸಹಾಯಕರಾಗಿ ಪಳಗಿದವರು.

ಆ ತಂಡದ ಆಟಗಾರರ ಕೋಣೆಯಲ್ಲಿ ಜೇಕಬ್ ರೀಸ್ ಎಂಬ ಪತ್ರಕರ್ತರ ಮಾತೊಂದನ್ನು ಆಟಗಾರರ ತಾಯ್ನುಡಿಗಳಲ್ಲಿ ತೂಗುಹಾಕಿದ್ದಾರೆ. ಕಲ್ಲುಕುಟಿಗ ನೂರು ಏಟು ಹಾಕಿದರೂ ಬಂಡೆಯಲ್ಲಿ ಬಿರುಕು ಕಾಣುವುದಿಲ್ಲ, ನೂರ ಒಂದನೆಯ ಏಟಿಗೆ ಅದು ಇಬ್ಭಾಗವಾಗುತ್ತದೆ, ಒಡೆದದ್ದು ಆ ಕೊನೆಯ ಏಟಿನಿಂದಲ್ಲ ಎಂಬರ್ಥದ ಮಾತು. ಕುರುಗೋಡು, ಕಂಪ್ಲಿಯ ಬಂಡೆಗಳ ನಡುವೆ ಬೆಳೆದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಒಕ್ಲಹಾಮಾ ಸಿಟಿ ತಂಡವನ್ನೇ ತೆಗೆದುಕೊಳ್ಳಿ. 2020-21ರಲ್ಲಿ 22 ಗೆಲುವು, ಮರುವರ್ಷ 24. ಎರಡನೆಯವರಾಗಿ ಆಯ್ಕೆಯಾದ ಚೆಟ್ ಹೋಮ್‌ಗ್ರೆನ್ ಪಾದದ ಗಾಯದಿಂದ ಮೊದಲ ಋತುವಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಹನ್ನೆರಡನೆಯವರಾಗಿ ಬಂದ ಜೇಲನ್ ವಿಲಿಯಮ್ಸ್ ಬಗ್ಗೆ ಆಗ ಹೆಚ್ಚು ಮಾತಿರಲಿಲ್ಲ. ಅದೇ ತಂಡ ಕಳೆದ ಋತುವಿನಲ್ಲಿ 68 ಪಂದ್ಯ ಗೆದ್ದು, ಇಂಡಿಯಾನಾ ವಿರುದ್ಧದ ಏಳು ಪಂದ್ಯಗಳ ಹೋರಾಟದಲ್ಲಿ ಚಾಂಪಿಯನ್ ಆಯಿತು.

ಬರುವ ಋತುವಿನ ಬಗ್ಗೆ ಕೇಳಿದ್ದೀರಿ. ತೊಂದರೆಗಳಿವೆ. ಡಿಆರನ್ ಫಾಕ್ಸ್, ಕ್ಯಾಸಲ್, ಹಾರ್ಪರ್ ಮೂವರೂ ಚೆಂಡು ತಮ್ಮ ಕೈಯಲ್ಲಿರಬೇಕೆನ್ನುವ ಗಾರ್ಡ್‌ಗಳು, ಮೂವರಲ್ಲಿ ಯಾರೂ ದೂರದಿಂದ ಹಾಕುವ ಮೂರು ಅಂಕದ ಎಸೆತಕ್ಕೆ ಹೆಸರಾದವರಲ್ಲ. ಎದುರಾಳಿಗಳು ಒಳಗೆ ಗುಂಪುಗೂಡಿ ವೆಂಬನ್ಯಾಮರನ್ನು ಮುತ್ತುತ್ತಾರೆ. ಆದರೆ ಏಳು ಅಡಿ ನಾಲ್ಕು ಇಂಚಿನ ಆ ಫ್ರೆಂಚ್ ಯುವಕ ರಿಂಗಿನ ಕೆಳಗೆ ನಿಂತರೆ ಎದುರಾಳಿ ಎಸೆಯುವುದಕ್ಕೇ ಹಿಂಜರಿಯುತ್ತಾನೆ. ಕಳೆದ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 3.8 ಎಸೆತಗಳನ್ನು ತಡೆದವರು ಅವರು. ಅವರು ಅರವತ್ತೈದು ಪಂದ್ಯ ಆಡಿದರೆ ತಂಡ 45 ಗೆಲುವು ದಾಟುತ್ತದೆ, ಏಪ್ರಿಲ್‌ನಲ್ಲಿ ನೀವು ಪ್ಲೇಆಫ್ ನೋಡುತ್ತೀರಿ. ಇದು ನನ್ನ ದೃಢ ನಂಬಿಕೆ. ಮೊದಲ ಪಂದ್ಯ ಡಲ್ಲಾಸ್ ವಿರುದ್ಧ, ನಮಗೆ ಬಲಿಪಾಡ್ಯಮಿಯ ಮರುದಿನ ಬೆಳಿಗ್ಗೆ. ತಪ್ಪಿಸಬೇಡಿ.

ನಿಮ್ಮ ಪತ್ರ ನನ್ನನ್ನು ಕಲಕಿದ್ದಕ್ಕೆ ಇನ್ನೊಂದು ಕಾರಣವಿದೆ. ಬಳ್ಳಾರಿಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಒಬ್ಬ ದೈಹಿಕ ಶಿಕ್ಷಕರಿದ್ದರು. ಬಿಸಿಲೇರುವ ಮೊದಲೇ, ಬೆಳಗಿನ ಐದೂವರೆಗೆ ಹುಡುಗಿಯರನ್ನು ಸೇರಿಸುತ್ತಿದ್ದರು. ಸುಣ್ಣದ ಗೆರೆಗಳನ್ನು ತಾವೇ ಎಳೆಯುತ್ತಿದ್ದರು. ರಿಂಗಿಗೆ ಬಲೆ ಕೊಳ್ಳಲು ಹಣ ಬಾರದಿದ್ದಾಗ ಹಗ್ಗ ತಂದು ಹೆಣೆದರು. ಮೂರನೆಯ ವರ್ಷ ಆ ಹುಡುಗಿಯರು ವಿಭಾಗ ಮಟ್ಟಕ್ಕೆ ಹೋದರು. ಅವರಲ್ಲೊಬ್ಬಳು ಓಡುತ್ತ ಎಡಗೈಯಲ್ಲಿ ಚೆಂಡು ಹಾಕುತ್ತಿದ್ದ ರೀತಿ ಈಗಲೂ ನನ್ನ ಕಣ್ಣಿಗೆ ಕಟ್ಟಿದೆ. ಸ್ಪರ್ಸ್‌ನ ಮನು ಜಿನೋಬಿಲಿ ಕೂಡ ಎಡಗೈಯವರೇ, 1999ರಲ್ಲಿ 57ನೆಯವರಾಗಿ ಆಯ್ಕೆಯಾದವರು. ತಂಡ ಅವರಿಗಾಗಿ ಮೂರು ವರ್ಷ ಕಾಯಿತು. ನಮ್ಮ ಹುಡುಗಿಗಾಗಿ ಯಾರೂ ಕಾಯಲಿಲ್ಲ. ಮರುವರ್ಷದ ಜೂನ್‌ನಲ್ಲಿ ಶಿಕ್ಷಕರಿಗೆ ವರ್ಗಾವಣೆಯ ಆದೇಶ ಬಂದಿತು. ಹುದ್ದೆ ಖಾಲಿ ಉಳಿಯಿತು. ಆಟದ ಅವಧಿಯನ್ನು ಗಣಿತಕ್ಕೆ ಕೊಟ್ಟರು. ಆ ಹುಡುಗಿ ಹತ್ತನೆಯ ತರಗತಿಯ ನಂತರ ಜೀನ್ಸ್ ಹೊಲಿಯುವ ಘಟಕಕ್ಕೆ ಸೇರಿದಳು. ಕೋರ್ಟ್ ಇದ್ದ ಜಾಗದಲ್ಲಿ ಈಗ ಬೈಕುಗಳು ನಿಲ್ಲುತ್ತವೆ.

ಪಂಜಾಬಿನ ಹಳ್ಳಿಯ ಸತ್ನಾಮ್ ಸಿಂಗ್ 2015ರಲ್ಲಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ ಎನಿಸಿಕೊಂಡರು. ಅವರಿಗೆ ಎತ್ತರ ಮನೆತನದಿಂದ ಬಂದಿರಬಹುದು, ಆದರೆ ಕಲಿಸಲು ಲೂಧಿಯಾನದಲ್ಲಿ ಒಂದು ಅಕಾಡೆಮಿ ಇತ್ತು. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಎತ್ತರದ ಮಕ್ಕಳಿಗೆ ಕೊರತೆಯಿಲ್ಲ. 2017 ಮತ್ತು 2019ರಲ್ಲಿ ಮಹಿಳೆಯರ ಏಷ್ಯಾ ಕಪ್ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲೇ ನಡೆಯಿತು. ಅದನ್ನು ಕಣ್ಣಾರೆ ತೋರಿಸಲು ನಮ್ಮ ಶಾಲೆಗಳಿಂದ ಒಂದು ಬಸ್ಸಾದರೂ ಹೊರಡಬೇಕಿತ್ತು. ಕ್ರೀಡೆ ಎಂದರೆ ನಮ್ಮಲ್ಲಿ ಕಟ್ಟಡ, ಶಿಲಾನ್ಯಾಸ, ಫಲಕ. ಮೈದಾನ ಎಂದರೆ ರಾಜಕೀಯ ಸಮಾವೇಶದ ಜಾಗ. ಶಾಮಿಯಾನದ ಗುಂಡಿಗಳನ್ನು ಮುಚ್ಚುವವರೂ ಇರುವುದಿಲ್ಲ.

ದುಡ್ಡಿಲ್ಲ ಎಂದು ಯಾರೂ ಹೇಳಬಾರದು. ನಿಮ್ಮ ತಾಲೂಕಿನ ತೋರಣಗಲ್ಲಿನ ಬಳಿ 2018ರಿಂದ ಖಾಸಗಿ ಕ್ರೀಡಾ ಸಂಸ್ಥೆಯೊಂದು ನಡೆಯುತ್ತಿದೆ. ನೀರಜ್ ಚೋಪ್ರಾ ಅಲ್ಲಿ ಅಭ್ಯಾಸ ಮಾಡಿದ್ದಾರೆ. ಕುಸ್ತಿ, ಬಾಕ್ಸಿಂಗ್, ಜೂಡೋಗೆ ಅಲ್ಲಿ ವ್ಯವಸ್ಥೆ ಇದೆ. ನಮ್ಮ ಮಣ್ಣಿನಲ್ಲೇ ಅದು ಸಾಧ್ಯ ಎಂಬುದಕ್ಕೆ ಅದೇ ಸಾಕ್ಷಿ. 2015ರ ಕಾನೂನು ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನವೂ ಇದೆ, ಗಣಿಯ ಧೂಳು ಕುಡಿದವರಿಗಾಗಿಯೇ ಮೀಸಲಾದ ಹಣ ಅದು. ಅದರಲ್ಲಿ ತಾಲೂಕಿಗೊಬ್ಬ ಬ್ಯಾಸ್ಕೆಟ್‌ಬಾಲ್ ತರಬೇತುದಾರನನ್ನು ನೇಮಿಸಿ, ಹತ್ತು ವರ್ಷ ಅಲ್ಲಿಂದ ಕದಲಿಸದೆ ಸಂಬಳ ಕೊಡಲಿ. ಹೊಸ ಕ್ರೀಡಾಂಗಣ ಆಮೇಲೆ ಬರಲಿ. ಪೊಪೊವಿಚ್‌ಗೆ ಸ್ಯಾನ್ ಆಂಟೋನಿಯೊ ಕೊಟ್ಟ ಕಾಲಾವಕಾಶದಲ್ಲಿ ಮೂರನೆಯ ಒಂದು ಭಾಗವಾದರೂ ನಮ್ಮ ಪಿಟಿ ಮಾಸ್ತರರಿಗೆ ಸಿಗಲಿ.

ಆದ್ದರಿಂದ ನಿಮಗೊಂದು ಕೆಲಸ. ಸಂಡೂರು ತಾಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕರ ಹುದ್ದೆ ಎಷ್ಟು ಖಾಲಿ ಇವೆ, ಎಲ್ಲೆಲ್ಲಿ ಬ್ಯಾಸ್ಕೆಟ್‌ಬಾಲ್ ಬೋರ್ಡ್ ಇದೆ, ಎಲ್ಲಿ ರಿಂಗ್ ಮುರಿದಿದೆ ಎಂದು ನೋಡಿ ಬರೆಯಿರಿ. ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕಾದರೆ ನಮ್ಮ ಕಚೇರಿ ನೆರವಾಗುತ್ತದೆ. ಪತ್ರ ಜನವರಿಯೊಳಗೆ ಬರಲಿ, ಪೂರ್ತಿಯಾಗಿ ಪ್ರಕಟಿಸುತ್ತೇನೆ. ಅಷ್ಟರಲ್ಲಿ ಸ್ಪರ್ಸ್ ಅರ್ಧ ಋತುವನ್ನೂ ಆಡಿರುತ್ತದೆ, ಹಾರ್ಪರ್‌ರನ್ನು ಮಾರಬೇಕೇ ಬೇಡವೇ ಎಂಬುದನ್ನೂ ಅದರಲ್ಲೇ ತಿಳಿಸಿ.

– ಸಂಪಾದಕ